ಕಾಲಿಂಗ್ ಬೆಲ್ ಆದರೆ ಚಾಪೆಗೆ: ಕೂಲಿ ಕೊಟ್ಟು ನಾಯಿಗೆ ಕಲಿಸುವ ಬಗೆ

ರಾಗಿ ನಮ್ಮ ಮನೆಗೆ ಬಂದಾಗ ಎರಡು ತಿಂಗಳ ಮರಿ. ಬೀದಿ ನಾಯಿಯ ಮರಿ, ಮೈ ಬಣ್ಣ ರಾಗಿ ಕಾಳಿನದ್ದು, ಅದಕ್ಕೇ ಆ ಹೆಸರು. ಏಳು ತಿಂಗಳಾಗುವ ಹೊತ್ತಿಗೆ ಅವಳು ನಮಗೆ ಮೂರು ಪಾಠ ಕಲಿಸಿ ಮುಗಿಸಿದ್ದಳು. ಊಟದ ಹೊತ್ತಿಗೆ ಬೊಗಳಿದರೆ ಅಮ್ಮ ಚಪಾತಿ ಚೂರು ಹಾಕಬೇಕು. ಬೆಳಗಿನ ಜಾವ ಐದಕ್ಕೆ ಬಾಗಿಲು ಕೆರೆದರೆ ನಾನು ಎದ್ದು ವಾಕಿಂಗ್‌ಗೆ ಹೊರಡಬೇಕು. ಯಾರಾದರೂ ಬೆಲ್ ಮಾಡಿ ಒಳಗೆ ಬಂದಾಗ ಅವರ ಮೈಮೇಲೆ ಹಾರಿದರೆ ಮನೆಮಂದಿಯೆಲ್ಲ ಓಡಿ ಬಂದು ಅವಳ ಹೆಸರು ಕೂಗಿ, ಅವಳನ್ನು ಹಿಡಿದು ಮುಟ್ಟಬೇಕು. ನಾವೂ ಚೆನ್ನಾಗಿಯೇ ಕಲಿತಿದ್ದೆವು.

"ನಮ್ಮ ನಾಯಿ ಏನೂ ಕಲಿಯಲ್ಲ" ಅನ್ನುವ ಮನೆಗಳಲ್ಲಿ ನಡೆಯುವುದೂ ಇದೇ. ನಾಯಿ ದಿನವಿಡೀ ಕಲಿಯುತ್ತಲೇ ಇರುತ್ತದೆ. ಯಾವ ಕೆಲಸಕ್ಕೆ ಕೂಲಿ ಸಿಗುತ್ತದೋ ಆ ಕೆಲಸವನ್ನು ಕಲಿಯುತ್ತದೆ. ನಾವು ಮಾತ್ರ ಯಾವ ಕೆಲಸಕ್ಕೆ ಕೂಲಿ ಎಣಿಸಿ ಕೊಡುತ್ತಿದ್ದೇವೆ ಅಂತ ನೋಡಿರುವುದಿಲ್ಲ.

ಈ ಬರಹದಲ್ಲಿ ಒಂದೇ ಒಂದು ಪಾಠವನ್ನು ಕೊನೆವರೆಗೂ ತೆಗೆದುಕೊಂಡು ಹೋಗುತ್ತೇನೆ. ಬೆಲ್ ಆದರೆ ನಾಯಿ ಬಾಗಿಲಿಗೆ ಹಾರದೆ ತನ್ನ ಚಾಪೆಗೆ ಹೋಗಿ ಕೂರಬೇಕು. ನಮಗೆ ಇದಕ್ಕೆ ಆರು ವಾರ ಹಿಡಿಯಿತು, ನಡುವೆ ಅಮ್ಮನ ದಯೆಯಿಂದ ಒಂದು ವಾರ ಹಿಂದಕ್ಕೂ ಹೋಯಿತು. ಆ ಕಥೆ ಆಮೇಲೆ.

ಮೊದಲು ಒಂದು ಬೆಕ್ಕು

1898ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕನ್ನು ಮರದ ಪಟ್ಟಿಗಳ ಪೆಟ್ಟಿಗೆಯೊಳಗೆ ಬಿಟ್ಟು, ಹೊರಗೆ ತಿನ್ನಲು ಇಟ್ಟು, ಗಡಿಯಾರ ನೋಡುತ್ತಾ ಕೂತ. ಬೆಕ್ಕು ಪರಚಿತು, ಕಚ್ಚಿತು, ಸಂದಿಯಲ್ಲಿ ಮೈ ತೂರಿಸಲು ನೋಡಿತು. ಹೀಗೆ ಒದ್ದಾಡುವಾಗ ಅಕಸ್ಮಾತ್ತಾಗಿ ಒಂದು ದಾರ ಎಳೆದಾಗ ಬಾಗಿಲು ತೆರೆಯಿತು. ಮತ್ತೆ ಒಳಗೆ ಬಿಟ್ಟ, ಮತ್ತೆ, ಮತ್ತೆ. ಹೊರಬರುವ ಹೊತ್ತು ನಿಮಿಷಗಳಿಂದ ಕೆಲವು ಸೆಕೆಂಡುಗಳಿಗೆ ಇಳಿಯಿತು. ಆದರೆ ಒಂದೇ ಸಲಕ್ಕೆ "ಓಹೋ, ಹೀಗಾ!" ಅಂತ ಹೊಳೆದ ಹಾಗಲ್ಲ. ಒಂದು ಸಲ ಬೇಗ, ಇನ್ನೊಂದು ಸಲ ತಡ, ಹೀಗೆ ಏರಿಳಿಯುತ್ತಲೇ ಇಳಿಯಿತು. ಒಳ್ಳೆಯ ಫಲ ಕೊಟ್ಟ ಕೆಲಸ ಗಟ್ಟಿಯಾಗುತ್ತದೆ, ಕೊಡದ್ದು ಉದುರಿಹೋಗುತ್ತದೆ. ಇದಕ್ಕೆ ಅವನು ಪರಿಣಾಮ ನಿಯಮ ಅಂತ ಹೆಸರಿಟ್ಟ. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಗೆ ಓದಿದವರಿಗೆ ಇದೂ ಗೊತ್ತು, ಆಮೇಲೆ ಬಂದ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್‌ನ "ಪುನರ್ಬಲನ", ಅಂದರೆ ಫಲದಿಂದ ಕೆಲಸ ಗಟ್ಟಿಯಾಗುವುದು, ಅದೂ ಗೊತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿರುತ್ತೀರಿ, ಅಷ್ಟೇ.

ಆ ಏರಿಳಿತವನ್ನು ಮಾತ್ರ ನೆನಪಿಟ್ಟುಕೊಳ್ಳಿ. ನಿನ್ನೆ ಬಂದದ್ದು ಇವತ್ತು ಬರಲಿಲ್ಲ ಅಂತ ಬೇಜಾರಾಗಬೇಡಿ.

ಹೆಜ್ಜೆ 1: ಬೇಕಾದದ್ದನ್ನು ಹೇಳಿ

"ಹಾರಬಾರದು" ಅನ್ನುವುದು ಕೆಲಸವಲ್ಲ. ಸತ್ತ ನಾಯಿಯೂ ಹಾರುವುದಿಲ್ಲ. ಕೂಲಿ ಕೊಡಬೇಕಾದರೆ ಕಣ್ಣಿಗೆ ಕಾಣುವ ಒಂದು ಕೆಲಸ ಬೇಕು. ಹಾಗಾಗಿ ಒಂದು ಚೀಟಿಯಲ್ಲಿ ಬರೆಯಿರಿ: "ನಾಲ್ಕೂ ಕಾಲು ಚಾಪೆಯ ಮೇಲೆ, ಕುಂಡೆ ನೆಲಕ್ಕೆ, ನಾನು ಬಿಡುವವರೆಗೆ." ಅದನ್ನು ಫ್ರಿಜ್‌ಗೆ ಅಂಟಿಸಿ. ಇದು ನಾಯಿಗಲ್ಲ, ಮನೆಯವರಿಗೆ. ಒಬ್ಬರು ಮುಂಗಾಲು ಇಟ್ಟರೆ ಸಾಕು ಅಂತ, ಇನ್ನೊಬ್ಬರು ಮಲಗಲೇಬೇಕು ಅಂತ ಹೊರಟರೆ ನಾಯಿಗೆ ತಲೆಬುಡ ತಿಳಿಯುವುದಿಲ್ಲ.

ಹೆಜ್ಜೆ 2: ಯಾವುದು ಕೂಲಿ ಅಂತ ನಾಯಿಯನ್ನೇ ಕೇಳಿ

ಅಂಗಡಿಯಲ್ಲಿ ದುಬಾರಿ ಬಿಸ್ಕತ್ತು ತಂದು ಬೆನ್ನು ತಟ್ಟಿಕೊಳ್ಳಬೇಡಿ. ಬಹುಮಾನ ಅಂತ ನೀವು ಕರೆದರೆ ಸಾಲದು. ಕೊಟ್ಟ ಮೇಲೆ ಆ ಕೆಲಸ ಜಾಸ್ತಿಯಾಗಬೇಕು. ಜಾಸ್ತಿಯಾಗದಿದ್ದರೆ ಅದು ಬಹುಮಾನವೇ ಅಲ್ಲ. ನಾನು "ಗುಡ್ ಗರ್ಲ್" ಅಂತ ತಲೆ ಸವರಿದಾಗಲೆಲ್ಲ ರಾಗಿ ತಲೆ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು. ಸವರುವುದು ನನಗೆ ಇಷ್ಟ, ಅವಳಿಗಲ್ಲ.

ಪರೀಕ್ಷೆ ಸುಲಭ. ಎರಡು ಅಂಗೈಯಲ್ಲಿ ಎರಡು ತಿಂಡಿ ಇಟ್ಟು ಮುಂದೆ ಹಿಡಿಯಿರಿ. ಯಾವುದಕ್ಕೆ ಮೊದಲು ಬಾಯಿ ಹಾಕುತ್ತದೆ? ಕೈ ಅದಲು ಬದಲು ಮಾಡಿ ಐದಾರು ಸಲ ನೋಡಿ. ನಮ್ಮಲ್ಲಿ ಬಂದ ಬೆಲೆಪಟ್ಟಿ: ಉಪ್ಪು ಹಾಕದೆ ಬೇಯಿಸಿದ ಚಿಕನ್ ಮೊದಲು, ಬೇಯಿಸಿದ ಮೊಟ್ಟೆ ಎರಡು, ಪನೀರ್ ಮೂರು, ಕ್ಯಾರೆಟ್ ಎಲ್ಲೋ ಕೊನೆಗೆ, ಅದೂ ಹಸಿವಿದ್ದರೆ ಮಾತ್ರ. ಮನೆಯೊಳಗಿನ ಸುಲಭ ಪಾಠಕ್ಕೆ ಕಡಿಮೆ ಬೆಲೆಯದು ಸಾಕು. ಬೆಲ್ ಆದಾಗ ಬಾಗಿಲು ಬಿಟ್ಟು ಬರಬೇಕಾದರೆ ಚಿಕನ್ನೇ ಬೇಕು.

ಚೂರು ಕಡಲೆಕಾಳಿನಷ್ಟಿರಲಿ, ಜಗಿಯುತ್ತಾ ಕೂರುವಷ್ಟು ದೊಡ್ಡದು ಬೇಡ. ಕೊಟ್ಟದ್ದನ್ನು ಅವತ್ತಿನ ಊಟದಲ್ಲಿ ಕಳೆಯಿರಿ, ಇಲ್ಲದಿದ್ದರೆ ಪಾಠದ ಜೊತೆ ಹೊಟ್ಟೆಯೂ ಬರುತ್ತದೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಇವು ನಾಯಿಗೆ ವಿಷ. ಸಕ್ಕರೆ ಬದಲು ಕ್ಸೈಲಿಟಾಲ್ ಹಾಕಿದ ತಿಂಡಿಯಂತೂ ಮುಟ್ಟಿಸಲೇಬೇಡಿ.

ತಿಂಡಿಯೊಂದೇ ಕೂಲಿ ಅಂತಲೂ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಪ್ರಿಮ್ಯಾಕ್ ತೋರಿಸಿದ್ದು ನಮ್ಮ ಅಜ್ಜಿಯಂದಿರಿಗೆ ಮೊದಲೇ ಗೊತ್ತಿದ್ದ ವಿದ್ಯೆ: ಇಷ್ಟದ ಕೆಲಸವನ್ನೇ ಇಷ್ಟವಿಲ್ಲದ ಕೆಲಸಕ್ಕೆ ಬಹುಮಾನ ಮಾಡಬಹುದು. ಪಲ್ಯ ತಿಂದರೆ ಆಡೋಕೆ ಬಿಡ್ತೀನಿ, ಅಲ್ವಾ? ರಾಗಿಗೆ ವಾಕಿಂಗ್ ಅಂದರೆ ಪ್ರಾಣ. ಈಗ ಅವಳು ಕೂತರೆ ಮಾತ್ರ ಕುತ್ತಿಗೆಗೆ ಬೆಲ್ಟ್ ಹಾಕುತ್ತೇನೆ. ಕುಣಿದರೆ ಬೆಲ್ಟ್ ಮತ್ತೆ ಮೊಳೆಗೆ ಹೋಗುತ್ತದೆ. ಮೂರು ದಿನ ಸಾಕಾಯಿತು, ಒಂದು ಚೂರು ತಿಂಡಿ ಖರ್ಚಾಗಲಿಲ್ಲ.

ಹೆಜ್ಜೆ 3: ಗುರುತಿನ ಸದ್ದು

ನಾಯಿ ಕೂತಿತು. ನೀವು ಜೇಬಿಗೆ ಕೈ ಹಾಕಿ, ಕವರ್ ಬಿಚ್ಚಿ, ಚೂರು ತೆಗೆಯುವಷ್ಟರಲ್ಲಿ ಅದು ಎದ್ದು ಬೊಗಳಿತು. ಈಗ ತಿಂಡಿ ಕೊಟ್ಟರೆ ಕೂಲಿ ಹೋದದ್ದು ಬೊಗಳಿದ್ದಕ್ಕೆ. ಎಲ್ಲರೂ ಎಡವುವುದು ಇಲ್ಲೇ.

ಉಪಾಯ ಏನೆಂದರೆ ಆ ಕ್ಷಣವನ್ನು ಒಂದು ಸದ್ದಿನಿಂದ ಹಿಡಿದುಬಿಡುವುದು. ಡಾಲ್ಫಿನ್ ಕಲಿಸುವವರು ವಿಶಲ್ ಊದುತ್ತಾರೆ, ಯಾಕೆಂದರೆ ಗಾಳಿಯಲ್ಲಿ ಹಾರುತ್ತಿರುವ ಡಾಲ್ಫಿನ್ ಬಾಯಿಗೆ ಮೀನು ಇಡಲು ಆಗುವುದಿಲ್ಲ. ನಾಯಿಗೆ ಟಿಕ್ ಟಿಕ್ ಅನ್ನುವ ಕ್ಲಿಕ್ಕರ್ ಸಿಗುತ್ತದೆ. ಕೈಯಲ್ಲಿ ಇನ್ನೊಂದು ವಸ್ತು ಯಾಕೆ ಅಂತ ನಾನು ನಾಲಿಗೆಯಲ್ಲೇ ಲೊಟಕ್ ಅನ್ನಿಸುತ್ತೇನೆ. ಯಾವ ಸದ್ದಾದರೂ ಸರಿ, ಚಿಕ್ಕದಿರಲಿ, ಬೇರೆ ಹೊತ್ತಿನಲ್ಲಿ ಮನೆಯಲ್ಲಿ ಕೇಳಿಸದಿರಲಿ.

ಮೊದಲು ಆ ಸದ್ದಿಗೆ ಬೆಲೆ ತುಂಬಬೇಕು. ಲೊಟಕ್, ತಕ್ಷಣ ತಿಂಡಿ. ಲೊಟಕ್, ತಿಂಡಿ. ಹದಿನೈದು ಇಪ್ಪತ್ತು ಸಲ, ಎರಡು ಹೊತ್ತು. ನಾಯಿ ಏನೂ ಮಾಡಬೇಕಾಗಿಲ್ಲ. ರಷ್ಯಾದ ವಿಜ್ಞಾನಿ ಪಾವ್ಲೋವ್‌ನ ನಾಯಿಗಳು ಊಟಕ್ಕೆ ಮೊದಲು ಕೇಳುವ ಸದ್ದಿಗೇ ಜೊಲ್ಲು ಸುರಿಸಿದವಲ್ಲ, ಅದೇ. ಕುಕ್ಕರ್ ಮೂರನೇ ವಿಶಲ್ ಹಾಕಿದಾಗ ನಿಮ್ಮ ಹೊಟ್ಟೆ ಚುರುಗುಟ್ಟುವುದೂ ಅದೇ. ಎಲ್ಲೋ ನೋಡುತ್ತಿದ್ದ ನಾಯಿ ಸದ್ದು ಕೇಳಿ ಗಕ್ಕನೆ ನಿಮ್ಮತ್ತ ತಿರುಗಿದರೆ ಬೆಲೆ ತುಂಬಿದೆ ಅಂತ ಲೆಕ್ಕ.

ಇಲ್ಲಿಂದ ಮುಂದೆ ಒಂದು ಒಪ್ಪಂದ: ಸದ್ದು ಮಾಡಿದರೆ ತಿಂಡಿ ಕೊಡಲೇಬೇಕು. ಬಾಯಿತಪ್ಪಿ ಆದರೂ ಕೊಡಿ.

ಹೆಜ್ಜೆ 4: ಮೆಟ್ಟಿಲು ಮೆಟ್ಟಿಲಾಗಿ

1943ರಲ್ಲಿ ಸ್ಕಿನ್ನರ್ ಮತ್ತು ಅವನ ಜೊತೆಗಾರರು ಯುದ್ಧದ ಕೆಲಸಕ್ಕೆಂದು ಪಾರಿವಾಳಗಳಿಗೆ ಕಲಿಸುತ್ತಿದ್ದರು. ಜಾಗ ಮಿನಿಯಾಪೊಲಿಸ್‌ನ ಒಂದು ಹಿಟ್ಟಿನ ಗಿರಣಿಯ ಮೇಲಂತಸ್ತು. ಬಿಡುವಿನ ಹೊತ್ತಲ್ಲಿ, ಪಾರಿವಾಳಕ್ಕೆ ಕೊಕ್ಕಿನಿಂದ ಮರದ ಚೆಂಡು ಹೊಡೆಯಲು ಕಲಿಸೋಣ ಅಂತ ಹೊರಟರು. ಚೆಂಡಿಟ್ಟು ಕಾದರು. ಹೊಡೆದರೆ ಕಾಳು ಕೊಡುವುದು ಅಂತ ಲೆಕ್ಕ. ಪಾರಿವಾಳ ಹೊಡೆಯಲೇ ಇಲ್ಲ. ಕಾದು ಸಾಕಾಗಿ, ಸುಮ್ನೆ ಚೆಂಡಿನ ಕಡೆ ನೋಡಿದರೂ ಕಾಳು ಕೊಟ್ಟರು. ಆಮೇಲೆ ಹತ್ತಿರ ಹೋದರೆ, ಆಮೇಲೆ ಕೊಕ್ಕು ತಾಗಿದರೆ. ನಿಮಿಷಗಳಲ್ಲಿ ಚೆಂಡು ಪೆಟ್ಟಿಗೆಯ ಗೋಡೆಗೆಲ್ಲ ಬಡಿಯುತ್ತಿತ್ತು.

ಪೂರ್ತಿ ಕೆಲಸಕ್ಕೆ ಕಾಯಬೇಡಿ, ಅದರ ವಾಸನೆ ಬಂದರೆ ಕೂಲಿ ಕೊಡಿ ಅನ್ನುವುದು ಇದರ ಸಾರ. ನಮ್ಮ ಮೊದಲ ದಿನ ಹೀಗಿತ್ತು.

ಹಾಲ್‌ನಲ್ಲಿ ಚಾಪೆ ಹಾಸಿದೆ. ಟಿವಿ ಆಫ್. ನಾನು ಕುರ್ಚಿಯಲ್ಲಿ, ತೊಡೆಯ ಮೇಲೆ ಸ್ಟೀಲ್ ಬಟ್ಟಲು, ಅದರಲ್ಲಿ ಮೂವತ್ತು ಚೂರು. ರಾಗಿ ಮೊದಲು ಬಟ್ಟಲನ್ನೇ ನೋಡಿದಳು. ನನ್ನ ಮೊಣಕಾಲಿಗೆ ಮೂತಿ ಒತ್ತಿದಳು. ಕುಂಯ್ ಅಂದಳು. ನಾನು ಸೂರು ನೋಡುತ್ತಾ ಕೂತೆ. ಬೇಜಾರಾಗಿ ತಿರುಗಿದಾಗ ಅವಳ ಕಣ್ಣು ಚಾಪೆಯ ಮೇಲೆ ಹಾದುಹೋಯಿತು. ಲೊಟಕ್! ಚೂರನ್ನು ಬಾಯಿಗೆ ಕೊಡದೆ ಚಾಪೆಯ ಮೇಲೇ ಎಸೆದೆ. ತಿನ್ನಲು ಹೋದಳು, ಒಂದು ಕಾಲು ಚಾಪೆಗೆ ತಾಗಿತು. ಲೊಟಕ್. ಆರನೇ ಚೂರಿಗೆ ಎರಡು ಕಾಲು. ಒಂಬತ್ತನೆಯದಕ್ಕೆ ಅವಳು ಚಾಪೆಯ ಅಂಚಲ್ಲಿ ನಿಂತು ನನ್ನನ್ನು ನೋಡಿ, ಬೇಕೆಂದೇ ಬಲಗಾಲು ಎತ್ತಿ ಒಳಗಿಟ್ಟಳು. ಇಟ್ಟು ಮತ್ತೆ ನನ್ನನ್ನು ನೋಡಿದಳು. ಆ ನೋಟಕ್ಕಾಗಿಯೇ ಈ ಕೆಲಸ ಮಾಡಬೇಕು ರೀ.

ಮೂವತ್ತು ಚೂರು ಮುಗಿಯಲು ನಾಲ್ಕು ನಿಮಿಷ. ಅಲ್ಲಿಗೇ ನಿಲ್ಲಿಸಿದೆ. ದಿನಕ್ಕೆ ಇಂಥ ಎರಡು ಮೂರು ಸರದಿ ಸಾಕು. ನಾಯಿಗೆ ಇನ್ನೂ ಬೇಕು ಅನ್ನಿಸುವಾಗಲೇ ಚಾಪೆ ಸುತ್ತಿಡಿ.

ಮೇಲಿನ ಮೆಟ್ಟಿಲಿಗೆ ಯಾವಾಗ ಹೋಗುವುದು? ನನ್ನ ಕೈಲೆಕ್ಕ ಇದು: ಹತ್ತು ಸಲದಲ್ಲಿ ಎಂಟು ಸಲ ಸರಿ ಬಂದರೆ ಮೇಲಕ್ಕೆ, ಐದಕ್ಕಿಂತ ಕಡಿಮೆಯಾದರೆ ಒಂದು ಮೆಟ್ಟಿಲು ಕೆಳಕ್ಕೆ. ನಾಲ್ಕು ಕಾಲು ಬಂದ ಮೇಲೆ ಕೂರುವುದು. ಕೂತ ಮೇಲೆ ಎರಡು ಸೆಕೆಂಡ್, ಐದು, ಹತ್ತು. ಆಮೇಲೆ ನೀವು ಒಂದು ಹೆಜ್ಜೆ ಹಿಂದೆ ಹೋಗಿ ಬರುವುದು. ಹೊತ್ತು ಮತ್ತು ದೂರ ಎರಡನ್ನೂ ಒಟ್ಟಿಗೆ ಏರಿಸಬೇಡಿ. ದೂರ ಹೋಗುವ ದಿನ ಹೊತ್ತು ಕಡಿಮೆ ಮಾಡಿ.

ಹೆಜ್ಜೆ 5: ಹೆಸರು ಆಮೇಲೆ, ಬೆಲ್ ಅದಕ್ಕೂ ಆಮೇಲೆ

ಮೊದಲ ದಿನವೇ "ಚಾಪೆ! ಚಾಪೆ! ಏ ಚಾಪೆ!" ಅಂತ ಕೂಗುವುದು ದಂಡ. ನಾಯಿಗೆ ಅದು ಫ್ಯಾನಿನ ಸದ್ದಿನ ಹಾಗೆ. ತಾನಾಗಿ ಚಾಪೆಗೆ ಹೋಗುವುದು ಖಾತ್ರಿಯಾದ ಮೇಲೆ, ಅದು ಹೊರಡುವ ಕ್ಷಣಕ್ಕೆ ಸ್ವಲ್ಪ ಮೊದಲು ಒಂದೇ ಸಲ "ಚಾಪೆ" ಅನ್ನಿ. ಕೆಲವು ದಿನಕ್ಕೆ ಮಾತು ಕೆಲಸಕ್ಕೆ ಅಂಟಿಕೊಳ್ಳುತ್ತದೆ.

ಈಗ ಬೆಲ್. ಕ್ರಮ ಮುಖ್ಯ: ಮೊದಲು ಹೊಸ ಗುರುತು, ಆಮೇಲೆ ಹಳೆಯದು. ಬೆಲ್ ಸದ್ದು, ಒಂದು ಸೆಕೆಂಡ್ ಬಿಟ್ಟು "ಚಾಪೆ", ಆಮೇಲೆ ಕೂಲಿ. ತಿರುಗಾಮುರುಗಾ ಮಾಡಿದರೆ, "ಚಾಪೆ" ಅಂದಾಗಲೇ ನಾಯಿಗೆ ಬೇಕಾದ ಸುದ್ದಿ ಸಿಕ್ಕಿಬಿಟ್ಟಿರುತ್ತದೆ, ಬೆಲ್ ಕಡೆ ಅದು ಗಮನವನ್ನೇ ಕೊಡುವುದಿಲ್ಲ. ಬೆಲ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮೆಲ್ಲಗೆ ಹಾಕಿ ಶುರು ಮಾಡಿ. ಆಮೇಲೆ ಮಗಳನ್ನೋ ತಮ್ಮನನ್ನೋ ಹೊರಗೆ ನಿಲ್ಲಿಸಿ ನಿಜವಾದ ಬೆಲ್. ಕೊನೆಗೆ ಅಪರೂಪಕ್ಕೆ ಬರುವ ನೆಂಟರು. ಪಕ್ಕದ ಮನೆಯ ಆಂಟಿಯನ್ನು ನಾನು ಒಂದೇ ಸಂಜೆ ಹನ್ನೊಂದು ಸಲ ಬೆಲ್ ಮಾಡಿಸಿದೆ. ಅವರಿಗೂ ಕೂಲಿ ಕೊಟ್ಟೆ, ಕಾಫಿ ಮತ್ತು ಕೋಡುಬಳೆ.

ಹೆಜ್ಜೆ 6: ಕೂಲಿ ತೆಳುವಾಗಿಸುವುದು

ಒಂದು ಶನಿವಾರ ಮಧ್ಯಾಹ್ನ ಸ್ಕಿನ್ನರ್ ತನ್ನ ಪ್ರಯೋಗದ ಇಲಿಗಳಿಗೆ ಕೊಡುವ ತಿಂಡಿ ಗುಳಿಗೆಗಳ ಲೆಕ್ಕ ನೋಡಿದ. ಆಗ ಅವನ್ನು ಕೈಯಲ್ಲೇ ಮಾಡಬೇಕಿತ್ತು. ಸೋಮವಾರಕ್ಕೆ ಸಾಲುವಂತಿರಲಿಲ್ಲ. ಸರಿ, ಇಲಿ ಪ್ರತಿ ಸಲ ಪೆಟ್ಟಿಗೆಯ ಸನ್ನೆಕೋಲು ಒತ್ತಿದಾಗ ಕೊಡುವ ಬದಲು ನಿಮಿಷಕ್ಕೊಂದೇ ಕೊಡೋಣ ಅಂದುಕೊಂಡ. ಇಲಿಗಳು ಒತ್ತುವುದನ್ನು ಬಿಡಲಿಲ್ಲ. ಯಾವಾಗ, ಎಷ್ಟಕ್ಕೊಮ್ಮೆ ಕೊಡಬೇಕು ಅನ್ನುವ ದೊಡ್ಡ ಅಧ್ಯಯನ ಶುರುವಾದದ್ದು ಹೀಗೆ ತಿಂಡಿ ಉಳಿಸುವ ಯೋಚನೆಯಿಂದ. 1957ರಲ್ಲಿ ಅವನೂ ಚಾರ್ಲ್ಸ್ ಫರ್ಸ್ಟರ್ ಕೂಡ ಅದನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದರು.

ನಮಗೆ ಬೇಕಾದ್ದು ಎರಡೇ ಮಾತು. ಹೊಸ ಕೆಲಸ ಕಲಿಸುವಾಗ ಪ್ರತಿ ಸಲವೂ ಕೊಡಿ. ಕಲಿತ ಮೇಲೆ ಎರಡಕ್ಕೊಮ್ಮೆ, ಆಮೇಲೆ ಮೂರಕ್ಕೋ ಐದಕ್ಕೋ ಒಮ್ಮೆ, ನಾಯಿಗೆ ಗೊತ್ತಾಗದ ಹಾಗೆ ಹಿಂದೆ ಮುಂದೆ ಮಾಡಿ ಕೊಡಿ. ಹಳೇ ಒಪ್ಪಂದ ಇದ್ದೇ ಇದೆ, ಕೊಡದ ಸಲ ಸದ್ದೂ ಬೇಡ. ಯಾವಾಗ ಬರುತ್ತದೋ ತಿಳಿಯದ ಕೂಲಿಗೆ ಕಲಿತ ಕೆಲಸ ಬೇಗ ಅಳಿಸುವುದಿಲ್ಲ. ಇಸ್ಪೀಟಿನ ಮುಂದೆ ಕೂತವನು ಸೋತರೂ ಏಳದೇ ಇರುವುದಕ್ಕೂ ಇದೇ ಕಾರಣ.

ಆಗಾಗ ಒಂದು ದೊಡ್ಡ ಆಶ್ಚರ್ಯವೂ ಇರಲಿ, ಒಂದರ ಬದಲು ಐದು ಚೂರು. 1990ರ ದಶಕದಲ್ಲಿ ಮಿದುಳು ವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುವ ಕೋಶಗಳ ಚಟುವಟಿಕೆ ಅಳೆದಾಗ ಕಂಡದ್ದು ಮಜವಾಗಿದೆ. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಚುರುಕಾದವು. ರಸಕ್ಕೆ ಮೊದಲು ಬರುವ ಸೂಚನೆ ಪರಿಚಯವಾದ ಮೇಲೆ ಆ ಚುರುಕು ಸೂಚನೆಗೆ ವರ್ಗವಾಯಿತು, ರಸಕ್ಕೆ ಏನೂ ಇಲ್ಲ. ಬರಬೇಕಾದ ರಸ ಬರದೇ ಹೋದರೆ, ಸರಿಯಾಗಿ ಆ ಹೊತ್ತಿಗೆ ಕುಸಿದವು. ಎಣಿಸಿದ್ದಕ್ಕಿಂತ ಜಾಸ್ತಿ ಬಂತಾ, ಕಡಿಮೆ ಬಂತಾ ಅನ್ನುವುದೇ ಅಲ್ಲಿಯ ಲೆಕ್ಕ.

ತೆಳುವಾಗಿಸಿ ಅಂದರೆ ನಿಲ್ಲಿಸಿ ಅಂತಲ್ಲ. ಸಂಬಳ ಪೂರ್ತಿ ನಿಂತರೆ ಯಾರು ಕೆಲಸಕ್ಕೆ ಬರುತ್ತಾರೆ?

ಹೆಜ್ಜೆ 7: ಹಳೇ ಕೂಲಿ ನಿಲ್ಲಿಸುವುದು

ಇದು ಕಷ್ಟದ್ದು. ಹೊಸದನ್ನು ಕಲಿಸಿದರೆ ಸಾಲದು, ಹಳೇ ಕೆಟ್ಟ ಅಭ್ಯಾಸಕ್ಕೆ ಸಿಗುತ್ತಿರುವ ಕೂಲಿ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಹಚ್ಚಿ ನಿಲ್ಲಿಸಬೇಕು.

ಊಟದ ಬೊಗಳಾಟವನ್ನೇ ತೆಗೆದುಕೊಳ್ಳಿ. ರಾಗಿ ಬೊಗಳುತ್ತಾಳೆ, ಅಮ್ಮ ಚೂರು ಹಾಕುತ್ತಾರೆ, ರಾಗಿ ಸುಮ್ಮನಾಗುತ್ತಾಳೆ. ರಾಗಿಗೆ ಸಿಕ್ಕಿದ್ದು ಚಪಾತಿ, ಆದ್ದರಿಂದ ಬೊಗಳುವುದು ಗಟ್ಟಿಯಾಯಿತು. ಇದು ಧನಾತ್ಮಕ ಪುನರ್ಬಲನ. ಅಮ್ಮನಿಗೆ ಸಿಕ್ಕಿದ್ದು? ತಲೆನೋವಿನ ಸದ್ದು ನಿಂತಿತು, ಆದ್ದರಿಂದ ಚೂರು ಹಾಕುವುದು ಗಟ್ಟಿಯಾಯಿತು. ಇದು ಋಣಾತ್ಮಕ ಪುನರ್ಬಲನ. ಋಣಾತ್ಮಕ ಅಂದ ಕೂಡಲೇ ಶಿಕ್ಷೆ ಅಂದುಕೊಳ್ಳುವವರೇ ಜಾಸ್ತಿ. ಅಲ್ಲ. ಕಿರಿಕಿರಿಯೊಂದು ತೊಲಗಿದ್ದರಿಂದ ಕೆಲಸ ಬಲವಾಗುವುದು ಅದು. ಅಮ್ಮ, ರಾಗಿ ಇಬ್ಬರೂ ಒಬ್ಬರಿಗೊಬ್ಬರು ಕೂಲಿ ಕೊಟ್ಟುಕೊಳ್ಳುತ್ತಿದ್ದರು.

ಇನ್ನು ಮೇಲೆ ಯಾರೂ ಊಟದ ಹೊತ್ತಲ್ಲಿ ಏನೂ ಹಾಕುವಂತಿಲ್ಲ ಅಂತ ಮಾತಾಯಿತು. ಮೊದಲ ದಿನ ಇಪ್ಪತ್ತು ನಿಮಿಷ ಬೊಗಳಿದಳು. ಎರಡನೇ ದಿನ ಇನ್ನೂ ಜೋರು. ಮೂರನೇ ದಿನ ಹೊಸ ವಿದ್ಯೆ: ಅಮ್ಮನ ಸೆರಗು ಬಾಯಲ್ಲಿ ಕಚ್ಚಿ ಎಳೆದಳು. ಕೂಲಿ ನಿಂತಾಗ ಕೆಲಸ ತಕ್ಷಣ ಕಡಿಮೆಯಾಗುವ ಬದಲು ಮೊದಲು ಹೀಗೆ ಉಕ್ಕುವುದು ಸಾಮಾನ್ಯ. ಲಿಫ್ಟ್ ಬರದಿದ್ದರೆ ನಾವು ಬಟನ್ ಅನ್ನು ಹತ್ತು ಸಲ, ಇನ್ನೂ ಗಟ್ಟಿಯಾಗಿ ಒತ್ತುವುದಿಲ್ಲವಾ?

ನಾಲ್ಕನೇ ರಾತ್ರಿ ಅಮ್ಮ, "ಪಾಪ, ಒಂದೇ ಒಂದು ಕಣೋ" ಅಂದು ಹಾಕಿಬಿಟ್ಟರು.

ಏನಾಯಿತು ನೋಡಿ. ನಾಲ್ಕು ದಿನ, ಮೊದಲಿಗಿಂತ ಜೋರಾಗಿ, ಸೆರಗು ಎಳೆದು ಬೊಗಳಿದರೆ ಸಿಗುತ್ತದೆ ಅಂತ ಪಾಠ ಆಯಿತು. ಅದೂ ಯಾವಾಗಲೋ ಒಮ್ಮೆ ಸಿಗುವ ಕೂಲಿ, ಹೆಜ್ಜೆ 6ರಲ್ಲಿ ಹೇಳಿದ ಬೇಗ ಅಳಿಸದ ಜಾತಿಯದು. ಹಾಗಾಗಿ, ನಿಲ್ಲಿಸುವುದಾದರೆ ಮನೆಯವರೆಲ್ಲ ಒಪ್ಪಿದ ಮೇಲೆ ನಿಲ್ಲಿಸಿ. ಒಬ್ಬರಿಗೆ ಆಗುವುದಿಲ್ಲ ಅಂದರೆ ಶುರುವೇ ಮಾಡಬೇಡಿ.

ಎರಡನೇ ಸಲ ನಾವು ಸ್ವಲ್ಪ ಬುದ್ಧಿ ಉಪಯೋಗಿಸಿದೆವು. ಬರೀ ನಿಲ್ಲಿಸುವ ಬದಲು ಅವಳಿಗೆ ಬೇರೆ ದಾರಿ ತೋರಿಸಿದೆವು. ಊಟದ ಹೊತ್ತಿಗೂ ಚಾಪೆ ಹಾಸಿ, ಅದರ ಮೇಲೆ ಕೂತಿದ್ದರೆ ಅಮ್ಮನೇ ಎದ್ದು ಹೋಗಿ ಚೂರು ಇಡುವುದು. ಅಮ್ಮನಿಗೂ ಕೊಡುವ ಖುಷಿ ತಪ್ಪಲಿಲ್ಲ. ಒಂಬತ್ತು ದಿನಕ್ಕೆ ಊಟ ಶಾಂತವಾಯಿತು.

ಹೊಡೆಯುವುದರ ಬಗ್ಗೆ ಜಾಸ್ತಿ ಬರೆಯಲ್ಲ. ಪೇಪರ್ ಸುತ್ತಿ ಹೊಡೆದರೆ ನಾಯಿ ಆ ಕ್ಷಣಕ್ಕೆ ನಿಲ್ಲುತ್ತದೆ, ಹೊಡೆದವರಿಗೆ ಅದೇ ಕೂಲಿ, ಅದಕ್ಕೇ ಮತ್ತೆ ಹೊಡೆಯುತ್ತಾರೆ. ನಾಯಿ ಕಲಿಯುವುದು ಮಾತ್ರ ಆ ಕೈಗೆ ಹೆದರುವುದನ್ನು. ಬದಲಿಗೆ ಏನು ಮಾಡಬೇಕು ಅಂತ ಏಟು ಹೇಳಿಕೊಡುವುದಿಲ್ಲ.

ಇದು ಕೈಕೊಡುವ ಜಾಗಗಳು

ಕೂಲಿ ಕೊಟ್ಟರೆ ಯಾರಿಗೆ ಏನು ಬೇಕಾದರೂ ಕಲಿಸಬಹುದು ಅಂತ ನಂಬಿದ್ದವರಿಗೆ ಪೆಟ್ಟು ಕೊಟ್ಟದ್ದು ಸ್ಕಿನ್ನರ್‌ನ ಶಿಷ್ಯರೇ. ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿ ಪ್ರಾಣಿಗಳಿಗೆ ಕಲಿಸುವುದನ್ನೇ ಕಸುಬು ಮಾಡಿಕೊಂಡಿದ್ದರು. ರಕೂನ್ ಎಂಬ ಪ್ರಾಣಿಗೆ ನಾಣ್ಯ ಎತ್ತಿ ಡಬ್ಬಿಗೆ ಹಾಕಲು ಕಲಿಸಿದರು. ಒಂದು ನಾಣ್ಯ ಹೇಗೋ ಹಾಕಿತು. ಎರಡು ಕೊಟ್ಟರೆ ಹಾಕದೆ, ಎರಡನ್ನೂ ಒಂದಕ್ಕೊಂದು ಉಜ್ಜುತ್ತಾ, ಡಬ್ಬಿಯಲ್ಲಿ ಅದ್ದಿ ತೆಗೆಯುತ್ತಾ ಕೂತಿತು. ಕಾಡಿನಲ್ಲಿ ಆಹಾರವನ್ನು ಹಾಗೆ ಉಜ್ಜುವುದು ಅದರ ಹುಟ್ಟುಗುಣ. ತಿಂಡಿ ತಪ್ಪಿದರೂ ಬಿಡಲಿಲ್ಲ. 1961ರಲ್ಲಿ ಅವರು ಇದನ್ನು ಬರೆದರು. ರಾಗಿಗೂ ಹಾಗೇ. ಅಳಿಲು ಕಂಡಾಗ ನನ್ನ ಚಿಕನ್‌ಗೆ ಮೂರು ಕಾಸಿನ ಬೆಲೆ ಇಲ್ಲ. ಅಲ್ಲಿ ತಿಂಡಿ ಹಿಡಿದು ಜಗಳವಾಡುವುದಕ್ಕಿಂತ ಬೆಲ್ಟ್ ಗಟ್ಟಿಯಾಗಿ ಹಿಡಿಯುವುದು ಒಳ್ಳೆಯದು.

ಇದನ್ನೇ ಮಕ್ಕಳ ಮೇಲೆ ಹಾಗ್‌ಹಾಗೇ ಹಾಕಲು ಹೋಗುವವರಿಗೆ ಒಂದು ಮಾತು. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ನರ್ಸರಿ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಚಿನ್ನದ ಬಣ್ಣದ ನಕ್ಷತ್ರ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಅಂದರು. ಕೊಟ್ಟರು ಕೂಡ. ಕೆಲವು ದಿನ ಬಿಟ್ಟು ಮತ್ತೆ ಪೆನ್ನು ಮುಂದಿಟ್ಟಾಗ ಆ ಮಕ್ಕಳೇ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಮುಂಚೆ ಹೇಳದೆ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ತಾವಾಗಿ ಖುಷಿಯಿಂದ ಮಾಡುವುದಕ್ಕೆ ಮೊದಲೇ ಬೆಲೆ ಕಟ್ಟಬೇಡಿ. ಇಷ್ಟವೇ ಇಲ್ಲದ ಮಗ್ಗಿಗೆ ಬೇಕಾದರೆ ಕಟ್ಟಿ.

ಇನ್ನೊಂದು, ನೆಟ್ಟಗಿದ್ದ ನಾಯಿ ಇದ್ದಕ್ಕಿದ್ದ ಹಾಗೆ ಮುಟ್ಟಿದರೆ ಗುರ್ ಅನ್ನಲು ಶುರು ಮಾಡಿದರೆ, ಊಟ ಬಿಟ್ಟರೆ, ಅದು ಪಾಠದ ವಿಷಯವಲ್ಲ. ಎಲ್ಲೋ ನೋವಿರಬಹುದು. ಪಶುವೈದ್ಯರಿಗೆ ತೋರಿಸಿ.

ಬೆಳಗಿನ ಐದು ಗಂಟೆಯ ಬಾಗಿಲು ಕೆರೆತ ಮಾತ್ರ ನಮ್ಮಲ್ಲಿ ಇನ್ನೂ ಹಾಗೇ ಇದೆ. ಅದನ್ನು ನಿಲ್ಲಿಸಬೇಕಾದರೆ ಅವಳು ಕೆರೆಯುವಾಗ ನಾನು ಎರಡು ವಾರ ಏಳದೆ ಮಲಗಿರಬೇಕು. ಎದ್ದರೆ ಕೆರೆತ ನಿಲ್ಲುತ್ತದೆ, ಆಹಾ ಎಂಥ ನೆಮ್ಮದಿ. ನಿನ್ನೆಯೂ ಎದ್ದೆ.